‘ದುಷ್ಟಕೂಟ’: 2002ರ ಒಂದು ಭಾಷಣ ಮತ್ತು ಅದರ ನಂತರದ ರಾಜತಾಂತ್ರಿಕತೆ

2002ರ ಜನವರಿ 29ರ ರಾತ್ರಿ ಅಮೆರಿಕದ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಸಂಸತ್ತಿನ ಜಂಟಿ ಅಧಿವೇಶನದ ಮುಂದೆ ವಾರ್ಷಿಕ ಭಾಷಣಕ್ಕೆ ನಿಂತಾಗ, ಅಫ್ಘಾನಿಸ್ತಾನದ ಮಧ್ಯಂತರ ಸರ್ಕಾರದ ಮುಖ್ಯಸ್ಥ ಹಮೀದ್ ಕರ್ಜಾಯ್ ವಿಶೇಷ ಅತಿಥಿಯಾಗಿ ಮೇಲಿನ ಗ್ಯಾಲರಿಯಲ್ಲಿ ಕುಳಿತಿದ್ದರು. ಬುಷ್ ಕರ್ಜಾಯ್ ಅವರನ್ನು ಹೆಸರಿಸಿ ಸ್ವಾಗತಿಸಿದರು, ಸಭೆ ಚಪ್ಪಾಳೆ ತಟ್ಟಿತು. ಕರ್ಜಾಯ್ ಆ ಹುದ್ದೆಗೆ ಏರುವುದಕ್ಕೆ ಎರಡು ತಿಂಗಳ ಹಿಂದೆ ಜರ್ಮನಿಯಲ್ಲಿ ನಡೆದ ಮಾತುಕತೆಯಲ್ಲಿ ಕೈಜೋಡಿಸಿದವರಲ್ಲಿ ಇರಾನಿನ ರಾಜತಾಂತ್ರಿಕರೂ ಇದ್ದರು. ಅದೇ ಭಾಷಣದಲ್ಲಿ ಕೆಲವು ನಿಮಿಷಗಳ ಅಂತರದಲ್ಲಿ ಬುಷ್ ಇರಾನನ್ನು ಇರಾಕ್ ಮತ್ತು ಉತ್ತರ ಕೊರಿಯಾಗಳೊಂದಿಗೆ ಸೇರಿಸಿ, ಈ ಮೂರೂ ದೇಶಗಳು ಮತ್ತು ಅವುಗಳ ಭಯೋತ್ಪಾದಕ ಸಂಗಾತಿಗಳು ಜಗತ್ತಿನ ಶಾಂತಿಗೆ ಬೆದರಿಕೆಯೊಡ್ಡಲು ಶಸ್ತ್ರಸಜ್ಜಿತವಾಗುತ್ತಿರುವ ‘ಆಕ್ಸಿಸ್ ಆಫ್ ಈವಿಲ್’ ಎಂದು ಕರೆದರು. ಕನ್ನಡದಲ್ಲಿ ಅದನ್ನು ‘ದುಷ್ಟಕೂಟ’ ಎನ್ನಬಹುದು.

ಶತ್ರು ದೇಶಗಳ ವಿರುದ್ಧ ಅಧ್ಯಕ್ಷರೊಬ್ಬರು ಆಡುವ ಕಠಿಣ ಮಾತು ವಿದೇಶಾಂಗ ನೀತಿಯನ್ನು ಹೇಗೆ ಇಕ್ಕಟ್ಟಿಗೆ ಸಿಲುಕಿಸುತ್ತದೆ ಎಂಬುದನ್ನು ಅರಿಯಲು ಇಷ್ಟು ಸ್ಪಷ್ಟವಾದ ಇನ್ನೊಂದು ಪ್ರಕರಣ ನನಗೆ ಕಾಣುವುದಿಲ್ಲ. ಆಡಿದ ಮಾತು, ಅದನ್ನು ಬರೆದವರು, ಅದನ್ನು ಕೇಳಿಸಿಕೊಂಡವರು, ನಂತರ ಅವರು ಮಾಡಿದ್ದು, ಎಲ್ಲವೂ ದಾಖಲೆಯಲ್ಲಿದೆ. ಆ ದಾಖಲೆಯನ್ನು ಒಟ್ಟಾಗಿ ಓದಿದಾಗ ನನಗೆ ಕಾಣುವುದು ಇಷ್ಟು: ಆ ಮಾತಿನ ಹಿಂದೆ ಮೂರು ದೇಶಗಳಿಗೂ ಅನ್ವಯಿಸುವ ನೀತಿಯೊಂದು ಸಿದ್ಧವಾಗಿರಲಿಲ್ಲ, ಇರಾಕಿನ ಬಗ್ಗೆ ಮಾತ್ರ ಒಂದು ತೀರ್ಮಾನ ಬಲಿಯುತ್ತಿತ್ತು. ಉಳಿದ ಎರಡು ದೇಶಗಳು ಮಾತನ್ನೇ ನೀತಿಯೆಂದು ತಿಳಿದವು, ಹಾಗೆ ತಿಳಿಯದೆ ಅವುಗಳಿಗೆ ಬೇರೆ ದಾರಿಯೂ ಇರಲಿಲ್ಲ. ಅಮೆರಿಕದ ಜೊತೆ ಮಾತನಾಡಿ ನೋಡೋಣ ಎಂದು ತಮ್ಮ ತಮ್ಮ ರಾಜಧಾನಿಗಳಲ್ಲಿ ವಾದಿಸುತ್ತಿದ್ದವರಿಗೆ ಆ ರಾತ್ರಿಯ ನಂತರ ತಲೆಯೆತ್ತಿ ವಾದಿಸುವುದು ಕಷ್ಟವಾಯಿತು.

ಪದ ಹುಟ್ಟಿದ ಬಗೆ

2001ರ ಡಿಸೆಂಬರ್ ಕೊನೆಯಲ್ಲಿ ಅಧ್ಯಕ್ಷರ ಮುಖ್ಯ ಭಾಷಣ ಬರಹಗಾರ ಮೈಕೆಲ್ ಗರ್ಸನ್ ತಮ್ಮ ಕೈಕೆಳಗಿನ ಬರಹಗಾರ ಡೇವಿಡ್ ಫ್ರಮ್ ಅವರಿಗೆ ಒಂದು ಕೆಲಸ ವಹಿಸಿದರು: ಇರಾಕಿನ ಮೇಲೆ ಏಕೆ ಯುದ್ಧ ಮಾಡಬೇಕು ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ಹಿಡಿದುಕೊಡಬೇಕು. ಫ್ರಮ್ 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ದಾಳಿಯ ಮರುದಿನ ಅಧ್ಯಕ್ಷ ರೂಸ್‌ವೆಲ್ಟ್ ಮಾಡಿದ ಭಾಷಣವನ್ನು ಮತ್ತೆ ಓದಿದರು. ಜರ್ಮನಿ, ಇಟಲಿ, ಜಪಾನ್‌ಗಳ ಕೂಟದ ಹೋಲಿಕೆ ಅವರಿಗೆ ಅಲ್ಲಿಂದ ಹೊಳೆಯಿತು. ಪ್ರೌಢಶಾಲೆಯ ಇತಿಹಾಸ ಪುಸ್ತಕದಲ್ಲಿ ‘ಮಿತ್ರರಾಷ್ಟ್ರಗಳು’, ‘ಅಕ್ಷರಾಷ್ಟ್ರಗಳು’ ಎಂದು ಓದಿದ ನಮಗೂ ಆ ‘ಅಕ್ಷ’ ಪದದ ಭಾರ ಗೊತ್ತು. ಫ್ರಮ್ ಬರೆದದ್ದು ‘ದ್ವೇಷದ ಅಕ್ಷ’ ಎಂದು. ಧರ್ಮಶ್ರದ್ಧೆಯುಳ್ಳ ಗರ್ಸನ್, ಬುಷ್ ಅವರು ಸೆಪ್ಟೆಂಬರ್ 11ರ ನಂತರ ಬಳಸುತ್ತಿದ್ದ ಧಾರ್ಮಿಕ ಛಾಯೆಯ ಭಾಷೆಗೆ ಹೊಂದುವಂತೆ ‘ದ್ವೇಷ’ವನ್ನು ತೆಗೆದು ‘ದುಷ್ಟತನ’ವನ್ನು ಇಟ್ಟರು.

ಮೊದಲಿಗೆ ಪಟ್ಟಿಯಲ್ಲಿದ್ದದ್ದು ಇರಾಕ್. ಅದೊಂದನ್ನೇ ಹೆಸರಿಸಿದರೆ ಅಲ್ಲೇ ಯುದ್ಧ ಸಾರಿದಂತಾಗುತ್ತದೆ ಎಂಬ ಅಳುಕಿನಿಂದ, ರಾಷ್ಟ್ರೀಯ ಭದ್ರತಾ ಸಲಹೆಗಾರ್ತಿ ಕಾಂಡೊಲೀಜಾ ರೈಸ್ ಮತ್ತು ಅವರ ಉಪ ಸಲಹೆಗಾರ ಸ್ಟೀಫನ್ ಹ್ಯಾಡ್ಲಿ ಇನ್ನೂ ಕೆಲವು ದೇಶಗಳನ್ನು ಸೇರಿಸುವುದು ಒಳ್ಳೆಯದೆಂದು ಸೂಚಿಸಿದರು. ಚುನಾಯಿತ ಅಧ್ಯಕ್ಷರಿರುವ ಇರಾನನ್ನು ಸೇರಿಸುವುದು ಸರಿಯೇ ಎಂಬ ಅನುಮಾನ ಅವರಲ್ಲೇ ಆಮೇಲೆ ಮೂಡಿತ್ತೆಂದೂ, ಬುಷ್ ಅದನ್ನು ಉಳಿಸಿಕೊಂಡರೆಂದೂ ಆ ದಿನಗಳ ಒಳವಿವರಗಳನ್ನು ದಾಖಲಿಸಿದವರು ಬರೆದಿದ್ದಾರೆ.

ಭಾಷಣದ ಪಠ್ಯವನ್ನು ಎದುರಿಗಿಟ್ಟುಕೊಂಡು ವಾಕ್ಯಗಳನ್ನು ಎಣಿಸಿದರೆ ಈ ಇತಿಹಾಸ ಅಲ್ಲೇ ಕಾಣುತ್ತದೆ. ಉತ್ತರ ಕೊರಿಯಾಕ್ಕೆ ಸಿಕ್ಕಿರುವುದು ಒಂದೇ ಒಂದು ವಾಕ್ಯ: ತನ್ನ ಪ್ರಜೆಗಳನ್ನು ಹಸಿವಿಗೆ ದೂಡಿ ಕ್ಷಿಪಣಿ ಮತ್ತು ಸಾಮೂಹಿಕ ವಿನಾಶದ ಅಸ್ತ್ರಗಳನ್ನು ಕೂಡಿಹಾಕುತ್ತಿರುವ ಆಡಳಿತ ಎಂದು. ಇರಾನಿಗೂ ಒಂದೇ. ಇರಾಕಿಗೆ ಐದು. ಇರಾನಿನ ಕುರಿತ ಆ ಒಂದು ವಾಕ್ಯದಲ್ಲಿ, ಚುನಾಯಿತರಲ್ಲದ ಕೆಲವರು ಅಲ್ಲಿನ ಜನರ ಸ್ವಾತಂತ್ರ್ಯದ ಆಸೆಯನ್ನು ತುಳಿಯುತ್ತಿದ್ದಾರೆ ಎಂಬ ಮಾತಿತ್ತು. ಅಂದರೆ ಜನರನ್ನೂ ಆಳುವವರನ್ನೂ ಬೇರೆಬೇರೆಯಾಗಿ ನೋಡುವ ವಿವೇಕ ಬರೆದವರಿಗೆ ಇತ್ತು. ಆದರೆ ಮರುದಿನದ ಪತ್ರಿಕೆಗಳಲ್ಲಿ ಉಳಿದದ್ದು ‘ಆಕ್ಸಿಸ್ ಆಫ್ ಈವಿಲ್’ ಎಂಬ ಮೂರು ಪದ ಮಾತ್ರ. ಇನ್ನೊಂದು ವಿಷಯವನ್ನೂ ಇಲ್ಲಿ ಹೇಳಲೇಬೇಕು. ‘ಅಕ್ಷ’ ಎಂದರೆ ಒಪ್ಪಂದದಿಂದ ಬೆಸೆದ ಕೂಟ. ಇರಾಕ್ ಮತ್ತು ಇರಾನ್ 1980ರಿಂದ 1988ರವರೆಗೆ ಎಂಟು ವರ್ಷ ಪರಸ್ಪರ ಯುದ್ಧ ಮಾಡಿ ಲಕ್ಷಾಂತರ ಜನರನ್ನು ಕಳೆದುಕೊಂಡ ದೇಶಗಳು. ಸದ್ದಾಂ ಹುಸೇನ್ ಪ್ರಯೋಗಿಸಿದ ವಿಷಾನಿಲದಿಂದ ಶ್ವಾಸಕೋಶ ಸುಟ್ಟುಕೊಂಡ ಸೈನಿಕರು ಆಗಲೂ ಇರಾನಿನ ಆಸ್ಪತ್ರೆಗಳಲ್ಲಿ ಕೆಮ್ಮುತ್ತಾ ಮಲಗಿದ್ದರು. ಅವರ ದೇಶವನ್ನು ಸದ್ದಾಮನ ಜೊತೆಗಾರ ಎಂದು ಕರೆದದ್ದು ಆ ಜನರಿಗೆ ಎಷ್ಟು ಆಳವಾಗಿ ತಾಗಿರಬಹುದು ಎಂಬುದನ್ನು ಭಾಷಣ ಬರೆದ ಮೇಜಿನ ಬಳಿ ಯಾರೂ ತೂಗಿದಂತೆ ಕಾಣುವುದಿಲ್ಲ.

ಬಾನ್‌ನ ಆ ಕೊನೆಯ ರಾತ್ರಿ

ಇರಾನಿನ ಭಾಗ ಅರ್ಥವಾಗಬೇಕಾದರೆ ಎರಡು ತಿಂಗಳು ಹಿಂದೆ ಹೋಗಬೇಕು. ಸೆಪ್ಟೆಂಬರ್ 11ರ ದಾಳಿಯ ನಂತರ ತೆಹರಾನಿನ ಬೀದಿಗಳಲ್ಲಿ ಯುವಕ ಯುವತಿಯರು ಮೋಂಬತ್ತಿ ಹಚ್ಚಿ ಸತ್ತವರಿಗೆ ಶೋಕ ಸೂಚಿಸಿದರು, ಅಧ್ಯಕ್ಷ ಮೊಹಮ್ಮದ್ ಖಾತಮಿ ದಾಳಿಯನ್ನು ಖಂಡಿಸಿದರು. ತಾಲಿಬಾನ್ ಇರಾನಿಗೂ ವೈರಿಯೇ ಆಗಿತ್ತು. 1998ರಲ್ಲಿ ಮಜಾರ್-ಎ-ಶರೀಫ್ ನಗರ ತಾಲಿಬಾನ್ ವಶವಾದಾಗ ಇರಾನಿನ ದೂತಾವಾಸದ ಸಿಬ್ಬಂದಿಯನ್ನು ಕೊಲ್ಲಲಾಗಿತ್ತು. ಹೀಗಾಗಿ ಎರಡು ದಶಕಗಳಿಂದ ರಾಜತಾಂತ್ರಿಕ ಸಂಬಂಧವೇ ಇಲ್ಲದ ಎರಡು ದೇಶಗಳ ಅಧಿಕಾರಿಗಳು ಜಿನೀವಾದಲ್ಲಿ ಸದ್ದಿಲ್ಲದೆ ಭೇಟಿಯಾಗತೊಡಗಿದರು. ಅಮೆರಿಕದ ಪರವಾಗಿ ಹೋಗುತ್ತಿದ್ದವರಲ್ಲಿ ಒಬ್ಬರಾದ ರಯಾನ್ ಕ್ರಾಕರ್ ಹೇಳುವಂತೆ, ತಾಲಿಬಾನ್ ಪಡೆಗಳು ಎಲ್ಲೆಲ್ಲಿ ಇವೆ ಎಂಬ ನಕ್ಷೆಯನ್ನೇ ಇರಾನಿನವರು ಮೇಜಿನ ಮೇಲೆ ಹರಡಿದ್ದರು.

2001ರ ನವೆಂಬರ್ 27ರಿಂದ ಡಿಸೆಂಬರ್ 5ರವರೆಗೆ ಜರ್ಮನಿಯ ಬಾನ್ ಸಮೀಪದ ಪೀಟರ್ಸ್‌ಬೆರ್ಗ್ ಹೋಟೆಲಿನಲ್ಲಿ ಅಫ್ಘಾನಿಸ್ತಾನದ ಹೊಸ ಸರ್ಕಾರದ ಬಗ್ಗೆ ಸಭೆ ನಡೆಯಿತು. ವಿಶ್ವಸಂಸ್ಥೆಯ ಲಖ್ದರ್ ಬ್ರಾಹಿಮಿ ಅದನ್ನು ನಡೆಸಿಕೊಟ್ಟರು. ಅಮೆರಿಕದ ಪ್ರತಿನಿಧಿ ಜೇಮ್ಸ್ ಡಾಬಿನ್ಸ್, ಇರಾನಿನ ಉಪ ವಿದೇಶಾಂಗ ಸಚಿವ ಜವಾದ್ ಜರೀಫ್, ಭಾರತದಿಂದ ಸತೀಂದರ್ ಲಾಂಬಾ, ರಷ್ಯಾ ಮತ್ತು ಜರ್ಮನಿಯ ಪ್ರತಿನಿಧಿಗಳು ಅಲ್ಲಿದ್ದರು. ಒಪ್ಪಂದದ ಕರಡಿನಲ್ಲಿ ಪ್ರಜಾಸತ್ತಾತ್ಮಕ ಚುನಾವಣೆಯ ಮಾತೇ ಇಲ್ಲವಲ್ಲ, ಭಯೋತ್ಪಾದನೆಯನ್ನು ಎದುರಿಸುವ ಬದ್ಧತೆಯೂ ಇಲ್ಲವಲ್ಲ ಎಂದು ಮೊದಲು ಎತ್ತಿ ತೋರಿಸಿದವರು ಜರೀಫ್ ಎಂದು ಡಾಬಿನ್ಸ್ ಆಮೇಲೆ ಬರೆದಿದ್ದಾರೆ. ಕೊನೆಯ ರಾತ್ರಿ ಎಲ್ಲವೂ ಮುರಿದು ಬೀಳುವ ಸ್ಥಿತಿಗೆ ಬಂತು. ತಾಲಿಬಾನ್ ವಿರುದ್ಧ ಹೋರಾಡಿದ ಅಫ್ಘನ್ ಬಣಗಳ ಕೂಟವಾದ ಉತ್ತರ ಮೈತ್ರಿಕೂಟದ ಪ್ರತಿನಿಧಿ ಯೂನುಸ್ ಕಾನೂನಿ ಬಹುಪಾಲು ಸಚಿವ ಖಾತೆಗಳು ತಮಗೇ ಬೇಕೆಂದು ಪಟ್ಟು ಹಿಡಿದು ಕುಳಿತರು. ನಡುರಾತ್ರಿ ದಾಟಿದರೂ ಒಬ್ಬರಾದ ಮೇಲೊಬ್ಬರು ಹೇಳಿ ನೋಡಿದರು, ಕಾನೂನಿ ಜಗ್ಗಲಿಲ್ಲ. ಆಗ ಜರೀಫ್ ಕಾನೂನಿಯನ್ನು ಕೋಣೆಯ ಮೂಲೆಗೆ ಕರೆದೊಯ್ದು ಕಿವಿಯಲ್ಲಿ ಏನನ್ನೋ ಹೇಳಿದರು. ಒಂದು ನಿಮಿಷದೊಳಗೆ ಕಾನೂನಿ ಹಿಂತಿರುಗಿ ಬಂದು ಎರಡು ಖಾತೆಗಳನ್ನು ಬಿಟ್ಟುಕೊಡಲು ಒಪ್ಪಿದರು. ಕರ್ಜಾಯ್ ಸರ್ಕಾರ ಹುಟ್ಟಿದ್ದು ಹಾಗೆ.

ಜನವರಿಯಲ್ಲಿ ಟೋಕಿಯೊದಲ್ಲಿ ನಡೆದ ದಾನಿಗಳ ಸಮಾವೇಶದಲ್ಲಿ ಇರಾನ್ ಅಫ್ಘಾನಿಸ್ತಾನದ ಪುನರ್ನಿರ್ಮಾಣಕ್ಕೆ 56 ಕೋಟಿ ಡಾಲರ್ ನೆರವು ಘೋಷಿಸಿತು. ಅದಾಗಿ ಒಂದು ವಾರಕ್ಕೆ ಬುಷ್ ಭಾಷಣ ಮಾಡಿದರು.

ಇರಾನ್ ಸಂಪೂರ್ಣ ನಿರ್ದೋಷಿಯಾಗಿತ್ತು ಎಂದು ನಾನು ವಾದಿಸುವುದಿಲ್ಲ. ಅದೇ ಜನವರಿ 3ರಂದು ಇಸ್ರೇಲಿನ ನೌಕಾಪಡೆ ಕೆಂಪು ಸಮುದ್ರದಲ್ಲಿ ‘ಕರೀನ್ ಎ’ ಎಂಬ ಹಡಗನ್ನು ಹಿಡಿದು, ಅದರಲ್ಲಿದ್ದ ಸುಮಾರು 50 ಟನ್ ಶಸ್ತ್ರಾಸ್ತ್ರಗಳು ಇರಾನಿನಿಂದ ಪ್ಯಾಲೆಸ್ತೀನಿಯರಿಗೆ ಹೊರಟಿದ್ದವು ಎಂದು ಹೇಳಿತ್ತು. ಅದು ಶ್ವೇತಭವನದ ಮನಸ್ಸನ್ನು ಗಟ್ಟಿ ಮಾಡಿತು. ನತಾಂಜ್‌ನಲ್ಲಿ ಯುರೇನಿಯಂ ಅನ್ನು ಅಣು ಇಂಧನಕ್ಕೋ ಬಾಂಬಿಗೋ ಒದಗುವಂತೆ ಹದಗೊಳಿಸುವ ನೆಲದಡಿಯ ಸಂವರ್ಧನಾ ಘಟಕದ ಕೆಲಸವೂ ಆಗ ಗುಟ್ಟಾಗಿ ನಡೆದಿತ್ತು, ಹೊರಜಗತ್ತಿಗೆ ಅದು ತಿಳಿದದ್ದು ಆಗಸ್ಟಿನಲ್ಲಿ. ಆದರೆ ಇರಾನಿನೊಳಗೆ ಎರಡು ಬಣಗಳಿದ್ದವು, ಅವುಗಳ ನಡುವೆ ಹಗ್ಗಜಗ್ಗಾಟ ನಡೆದಿತ್ತು. ಒಂದು ಬಣ ಮಾತುಕತೆಯಿಂದ ಏನಾದರೂ ಸಿಗಬಹುದೆಂದು ಪಣವಿಟ್ಟಿತ್ತು. ಭಾಷಣದ ಪೆಟ್ಟು ಬಿದ್ದದ್ದು ಆ ಬಣದ ಮೇಲೆ.

ಆಗ ಕಾಬೂಲಿನಲ್ಲಿ ಅಮೆರಿಕದ ದೂತಾವಾಸವನ್ನು ಮತ್ತೆ ತೆರೆಯಲು ಹೋಗಿದ್ದ ಕ್ರಾಕರ್ ಭಾಷಣದ ಮರುದಿನ ತಮ್ಮ ಇರಾನಿ ಸಹವರ್ತಿಯನ್ನು ಕಂಡರು. ನೀವು ನನ್ನನ್ನು ಪೂರ್ತಿ ಹಾಳು ಮಾಡಿದಿರಿ ಎಂದು ಆತ ನೊಂದು ಹೇಳಿದ್ದನ್ನು ಕ್ರಾಕರ್ ಹನ್ನೊಂದು ವರ್ಷಗಳ ನಂತರ ಸಂದರ್ಶನವೊಂದರಲ್ಲಿ ನೆನಪಿಸಿಕೊಂಡರು. ಆತನ ಹಿಂದೆ ಇದ್ದ ಸೇನಾಧಿಕಾರಿ ಕಾಸಿಂ ಸುಲೈಮಾನಿ ಸಿಟ್ಟಿನಿಂದ ಕುದಿಯುತ್ತಿದ್ದಾರೆ, ಅಮೆರಿಕದೊಂದಿಗಿನ ಹಗೆಯ ಸಂಬಂಧವನ್ನೇ ಮರುಪರಿಶೀಲಿಸುವ ಯೋಚನೆ ಭಾಷಣಕ್ಕೆ ಮುನ್ನ ಅವರಲ್ಲಿ ಆಗಷ್ಟೇ ಮೂಡಿತ್ತು ಎಂಬುದು ಆ ದಿನ ಕ್ರಾಕರ್ ಕೇಳಿಸಿಕೊಂಡ ಮಾತು. ಇರಾನಿನಲ್ಲಿ ನೆಲೆಸಿದ್ದ ಅಫ್ಘನ್ ಯುದ್ಧಕೋರ ಗುಲ್ಬುದ್ದೀನ್ ಹೆಕ್ಮತ್ಯಾರ್‌ನನ್ನು ಒಪ್ಪಿಸುವ ಬಗ್ಗೆ ಇಬ್ಬರ ನಡುವೆ ಮಾತು ನಡೆಯುತ್ತಿತ್ತು, ಅದು ಅಲ್ಲಿಗೇ ನಿಂತಿತು. ಇರಾನಿನಿಂದ ಹೊರಬಿದ್ದ ಹೆಕ್ಮತ್ಯಾರ್ ಮುಂದೆ ವರ್ಷಗಟ್ಟಲೆ ಅಮೆರಿಕದ ಸೈನಿಕರ ವಿರುದ್ಧವೇ ಹೋರಾಡಿದ, ಕಾಬೂಲ್ ಸರ್ಕಾರದ ಜೊತೆ ಅವನು ರಾಜಿಯಾದದ್ದು 2016ರಲ್ಲಿ.

ಸಂಪರ್ಕ ಒಂದೇ ಏಟಿಗೆ ಕಡಿದುಹೋಗಲಿಲ್ಲ ಎಂಬುದನ್ನೂ ಹೇಳಬೇಕು. ಮಾರ್ಚಿನಲ್ಲಿ ಜಿನೀವಾದಲ್ಲಿ ಇರಾನಿನ ಸೇನಾಧಿಕಾರಿಯೊಬ್ಬರು ಡಾಬಿನ್ಸ್ ಅವರಿಗೆ, ಅಮೆರಿಕದ ಮುಂದಾಳತ್ವದಲ್ಲೇ 20,000 ಅಫ್ಘನ್ ಸೈನಿಕರಿಗೆ ತರಬೇತಿ, ವಸತಿ ಕೊಡಲು ತಾವು ಸಿದ್ಧ ಎಂದು ಹೇಳಿದರು. ಡಾಬಿನ್ಸ್ ಅದನ್ನು ವಾಷಿಂಗ್ಟನ್ನಿಗೆ ಒಯ್ದರು. ಉತ್ತರ ಬರಲಿಲ್ಲ. ದುಷ್ಟರೆಂದು ದೇಶದ ಮುಂದೆ ಸಾರಿದ ಮೇಲೆ ಆ ದುಷ್ಟರಿಂದ ಸೈನಿಕ ತರಬೇತಿ ಪಡೆಯುವುದನ್ನು ಯಾವ ಅಧಿಕಾರಿ ಸಮರ್ಥಿಸಿಯಾನು? ಕಠಿಣ ಮಾತು ಆಡಿದವರ ಕೈಗಳನ್ನೇ ಕಟ್ಟಿಹಾಕುವುದು ಹೀಗೆ, ಮತ್ತು ಈ ಅಪಾಯದ ಬಗ್ಗೆ ನಡೆಯಬೇಕಾದಷ್ಟು ಚರ್ಚೆ ನಡೆದಿಲ್ಲ.

ತೆಹರಾನಿನಲ್ಲಿ ಫೆಬ್ರವರಿ 11ರಂದು, 1979ರ ಇಸ್ಲಾಮಿಕ್ ಕ್ರಾಂತಿಯ ವಾರ್ಷಿಕೋತ್ಸವಕ್ಕೆ, ಹಲವು ವರ್ಷಗಳಲ್ಲಿ ಕಾಣದಷ್ಟು ದೊಡ್ಡ ಜನಸ್ತೋಮ ಸೇರಿತು. ಹಿಂದಿನ ಜೂನ್‌ನಲ್ಲಿ ಸುಮಾರು ನಾಲ್ಕನೇ ಮೂರರಷ್ಟು ಮತ ಪಡೆದು ಮರು ಆಯ್ಕೆಯಾಗಿದ್ದ ಖಾತಮಿ, ಅಮೆರಿಕದ ವಿರುದ್ಧದ ಆ ಮೆರವಣಿಗೆಗೆ ತಾವೇ ಕರೆ ಕೊಡಬೇಕಾಯಿತು. ಆದರೂ ಜನರ ಮನಸ್ಸು ಬೇರೆಯೇ ಇತ್ತು. ಅದೇ ವರ್ಷ ನಡೆದ ಅಭಿಪ್ರಾಯ ಸಮೀಕ್ಷೆಯಲ್ಲಿ ನಾಲ್ವರಲ್ಲಿ ಮೂವರು ಅಮೆರಿಕದ ಜೊತೆ ಮಾತುಕತೆ ಬೇಕು ಎಂದರು. ಸಮೀಕ್ಷೆ ನಡೆಸಿದವರಲ್ಲಿ ಒಬ್ಬರಾದ ಅಬ್ಬಾಸ್ ಅಬ್ದಿ 1979ರಲ್ಲಿ ಅಮೆರಿಕದ ದೂತಾವಾಸಕ್ಕೆ ನುಗ್ಗಿದ ವಿದ್ಯಾರ್ಥಿಗಳ ನಾಯಕರಲ್ಲಿ ಒಬ್ಬರಾಗಿದ್ದವರು, ಆಮೇಲೆ ಸುಧಾರಣಾವಾದಿಯಾದವರು. ಆ ಸಮೀಕ್ಷೆಗಾಗಿ ಅವರು ಜೈಲಿಗೆ ಹೋದರು.

ಪ್ಯೊಂಗ್‌ಯಾಂಗ್: ಗಾಜಿನ ಸೀಸೆಯೊಳಗಿನ ಲೋಹ

ಉತ್ತರ ಕೊರಿಯಾದ ಕಥೆಯಲ್ಲಿ ಮೊದಲಿಗೆ ಒಂದು ಒಪ್ಪಂದವಿತ್ತು. 1994ರ ಅಕ್ಟೋಬರ್ 21ರಂದು ಅಧ್ಯಕ್ಷ ಕ್ಲಿಂಟನ್ ಅವರ ಸರ್ಕಾರ ಮಾಡಿಕೊಂಡ ಆ ಒಪ್ಪಂದದ ಪ್ರಕಾರ ಯೊಂಗ್‌ಬ್ಯೊನ್‌ನ ರಿಯಾಕ್ಟರ್ ನಿಂತಿತು, ಅದರಿಂದ ತೆಗೆದ, ಬಾಂಬಿಗೆ ಬೇಕಾದ ಪ್ಲುಟೋನಿಯಂ ಅಡಗಿದ್ದ ಸುಮಾರು 8,000 ಇಂಧನ ಸರಳುಗಳು ಕೊಳದ ನೀರಿನಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಕರ ಕಣ್ಗಾವಲಿನಲ್ಲಿ ಉಳಿದವು. ಬದಲಿಗೆ ಎರಡು ವಿದ್ಯುತ್ ರಿಯಾಕ್ಟರುಗಳು, ಅವು ಸಿದ್ಧವಾಗುವವರೆಗೆ ವರ್ಷಕ್ಕೆ 5 ಲಕ್ಷ ಟನ್ ಉರುವಲು ತೈಲ. 2000ದ ಅಕ್ಟೋಬರಿನಲ್ಲಿ ವಿದೇಶಾಂಗ ಕಾರ್ಯದರ್ಶಿ ಮೆಡಲಿನ್ ಆಲ್‌ಬ್ರೈಟ್ ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್‌ಯಾಂಗ್‌ಗೆ ಹೋಗಿ ಬಂದಿದ್ದರು. ದಕ್ಷಿಣ ಕೊರಿಯಾದ ಅಧ್ಯಕ್ಷ ಕಿಮ್ ಡೇ-ಜುಂಗ್ ಉತ್ತರದೊಂದಿಗೆ ರಾಜಿಯ ದಾರಿ ಹಿಡಿದು ಆ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿ ಪಡೆದಿದ್ದರು.

ಭಾಷಣವಾಗಿ ಎರಡು ದಿನಕ್ಕೆ ಉತ್ತರ ಕೊರಿಯಾದ ವಿದೇಶಾಂಗ ಸಚಿವಾಲಯ ಇದು ಯುದ್ಧ ಘೋಷಣೆಗಿಂತ ಹೆಚ್ಚು ಕಡಿಮೆಯೇನಲ್ಲ ಎಂದಿತು. ಆ ದೇಶ ಇಂಥ ಭಾಷೆಯನ್ನು ಪದೇಪದೇ ಬಳಸುವುದರಿಂದ ವಾಷಿಂಗ್ಟನ್ ಅದನ್ನು ಗಂಭೀರವಾಗಿ ಪರಿಗಣಿಸಲಿಲ್ಲ. ಮೂರು ವಾರಗಳ ನಂತರ ಬುಷ್ ದಕ್ಷಿಣ ಕೊರಿಯಾಕ್ಕೆ ಹೋದರು. ಗಡಿಯ ಬಳಿ ಹೊಸದಾಗಿ ಕಟ್ಟಿದ್ದ ಡೊರಾಸನ್ ರೈಲು ನಿಲ್ದಾಣದಲ್ಲಿ ಹಳಿಯ ದಿಮ್ಮಿಯೊಂದರ ಮೇಲೆ ‘ಈ ರೈಲುದಾರಿ ಕೊರಿಯಾದ ಕುಟುಂಬಗಳನ್ನು ಒಂದುಗೂಡಿಸಲಿ’ ಎಂದು ಬರೆದು ಸಹಿ ಹಾಕಿದರು, ಉತ್ತರದ ಮೇಲೆ ದಾಳಿ ಮಾಡುವ ಉದ್ದೇಶ ಅಮೆರಿಕಕ್ಕೆ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಅದೇ ದಿನ ಗಡಿಯಲ್ಲಿ, 1976ರಲ್ಲಿ ಇಬ್ಬರು ಅಮೆರಿಕನ್ ಸೈನಿಕರನ್ನು ಕೊಂದ ಕೊಡಲಿಗಳನ್ನು ಉತ್ತರದವರು ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ ಎಂದು ಕೇಳಿ, ಅವರನ್ನು ದುಷ್ಟರೆಂದು ನಾನು ಭಾವಿಸುವುದರಲ್ಲಿ ಆಶ್ಚರ್ಯವೇನಿದೆ ಎಂಬರ್ಥದ ಮಾತನ್ನೂ ಆಡಿದರು. ಒಂದೇ ದಿನ ಎರಡು ಮಾತು. ಭದ್ರತೆಯ ಲೆಕ್ಕ ಹಾಕುವ ಯಾವ ದೇಶವೂ ಇಂಥ ಹೊತ್ತಿನಲ್ಲಿ ಎರಡರಲ್ಲಿ ಕೆಟ್ಟದ್ದನ್ನೇ ನಂಬಿ ಸಿದ್ಧವಾಗುತ್ತದೆ.

ಮಾರ್ಚಿನಲ್ಲಿ ಅಮೆರಿಕದ ಅಣ್ವಸ್ತ್ರ ನೀತಿಯ ಪರಾಮರ್ಶೆಯ ದಾಖಲೆ ಸೋರಿಕೆಯಾಗಿ, ಅಣ್ವಸ್ತ್ರ ಬಳಕೆಯ ಸಂದರ್ಭಗಳಲ್ಲಿ ಹೆಸರಿಸಿದ ಏಳು ದೇಶಗಳಲ್ಲಿ ಉತ್ತರ ಕೊರಿಯಾವೂ ಇದೆ ಎಂಬುದು ಬಯಲಾಯಿತು. ಜೂನ್ 1ರಂದು ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಬುಷ್, ಬೆದರಿಕೆ ಪೂರ್ಣರೂಪಕ್ಕೆ ಬರುವ ಮೊದಲೇ ಎದುರಿಸಬೇಕು ಎಂಬ ಸಿದ್ಧಾಂತ ಮಂಡಿಸಿದರು. ಅಕ್ಟೋಬರಿನಲ್ಲಿ ಸಹಾಯಕ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಕೆಲ್ಲಿ ಪ್ಯೊಂಗ್‌ಯಾಂಗ್‌ಗೆ ಹೋಗಿ, ನೀವು ಗುಟ್ಟಾಗಿ ಯುರೇನಿಯಂ ಸಂವರ್ಧನೆ ನಡೆಸುತ್ತಿದ್ದೀರಿ ಎಂದು ಆರೋಪಿಸಿದರು. ಆರೋಪದಲ್ಲಿ ಹುರುಳಿತ್ತು. ಪಾಕಿಸ್ತಾನದ ಅಣುವಿಜ್ಞಾನಿ ಎ.ಕ್ಯೂ. ಖಾನ್ ಅವರ ಗುಪ್ತ ಜಾಲದಿಂದ ಉತ್ತರ ಕೊರಿಯಾ ಯುರೇನಿಯಂ ಸಂವರ್ಧಿಸುವ ಸೆಂಟ್ರಿಫ್ಯೂಜ್ ಯಂತ್ರಗಳ ತಂತ್ರಜ್ಞಾನ ಪಡೆದಿತ್ತು, ಅದು ಶುರುವಾದದ್ದು ಬುಷ್ ಅಧಿಕಾರಕ್ಕೆ ಬರುವ ಮೊದಲೇ. ಆದ್ದರಿಂದ ಭಾಷಣವೇ ಬಾಂಬನ್ನು ಹುಟ್ಟಿಸಿತು ಎಂದರೆ ತಪ್ಪಾಗುತ್ತದೆ. ಭಾಷಣದ ಪಾತ್ರ ಇನ್ನೊಂದು ಕಡೆ ಇದೆ. ಕೆಲ್ಲಿ ಅವರಿಗೆ ಬರೆದುಕೊಟ್ಟ ಮಾತುಗಳನ್ನು ಓದಿ ಹೇಳುವುದಷ್ಟೇ ಕೆಲಸವಾಗಿತ್ತು, ಅದರಾಚೆ ಕೊಟ್ಟು ತೆಗೆದುಕೊಳ್ಳುವ ಅಧಿಕಾರ ಇರಲಿಲ್ಲ. ಅಕ್ಟೋಬರ್ 25ರಂದು ಪ್ಯೊಂಗ್‌ಯಾಂಗ್ ಹೊರಡಿಸಿದ ಹೇಳಿಕೆಯಲ್ಲಿ ‘ದುಷ್ಟಕೂಟ’ಕ್ಕೆ ಸೇರಿಸಿದ್ದು, ಅಣ್ವಸ್ತ್ರ ದಾಳಿಯ ಪಟ್ಟಿಗೆ ಸೇರಿಸಿದ್ದು, ಇವೇ 1994ರ ಒಪ್ಪಂದವನ್ನು ಅಮೆರಿಕ ಮುರಿದಿದೆ ಎಂಬ ವಾದಕ್ಕೆ ಆಧಾರವಾಗಿ ನಿಂತಿದ್ದವು. ದಾಳಿ ಮಾಡುವುದಿಲ್ಲ ಎಂಬ ಲಿಖಿತ ಒಪ್ಪಂದ ಬೇಕೆಂದು ಅದೇ ಹೇಳಿಕೆ ಕೇಳಿತ್ತು. ಅಧ್ಯಕ್ಷರು ಭಾಷಣದಲ್ಲಿ ಆಡಿದ ಮೂರು ಪದ ಎದುರಾಳಿಯ ಅಧಿಕೃತ ದಾಖಲೆಯಲ್ಲಿ ಕಾನೂನು ವಾದವಾಗಿ ಮರಳಿ ಬಂದಿತ್ತು.

ಮುಂದಿನದು ಬೇಗ ಬೇಗ ನಡೆಯಿತು. ನವೆಂಬರಿನಲ್ಲಿ ತೈಲ ಪೂರೈಕೆ ನಿಲ್ಲಿಸುವ ತೀರ್ಮಾನವಾಯಿತು, ಡಿಸೆಂಬರಿನಲ್ಲಿ ತಪಾಸಕರನ್ನು ಹೊರಗೆ ಕಳಿಸಿದರು, 2003ರ ಜನವರಿ 10ರಂದು ಉತ್ತರ ಕೊರಿಯಾ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಿಂದ ಹೊರಬರುವುದಾಗಿ ಸಾರಿತು. ಮಾರ್ಚ್ 20ರಂದು ಇರಾಕಿನ ಮೇಲೆ ದಾಳಿ ಶುರುವಾದಾಗ ವಾಷಿಂಗ್ಟನ್ನಿನ ಗಮನವೆಲ್ಲ ಅತ್ತ ಇತ್ತು.

2004ರ ಜನವರಿಯಲ್ಲಿ ಅಮೆರಿಕದ ಅಣ್ವಸ್ತ್ರ ಪ್ರಯೋಗಾಲಯ ಲಾಸ್ ಅಲಾಮಸ್‌ನ ಮಾಜಿ ನಿರ್ದೇಶಕ, ಲೋಹವಿಜ್ಞಾನಿ ಸೀಗ್‌ಫ್ರೀಡ್ ಹೆಕರ್ ಖಾಸಗಿ ನಿಯೋಗವೊಂದರ ಜೊತೆ ಯೊಂಗ್‌ಬ್ಯೊನ್‌ಗೆ ಹೋದರು. ಇಂಧನ ಸರಳುಗಳಿದ್ದ ಕೊಳವನ್ನು ತೋರಿಸಿದರು, ಸರಳುಗಳು ಅಲ್ಲಿರಲಿಲ್ಲ. ಆಮೇಲೆ ಸಭಾಕೊಠಡಿಗೆ ಒಂದು ಲೋಹದ ಪೆಟ್ಟಿಗೆ ತಂದರು. ಅದರೊಳಗೆ ಜಾರುಮುಚ್ಚಳದ ಬಿಳಿ ಮರದ ಡಬ್ಬಿ, ಡಬ್ಬಿಯೊಳಗೆ ಎರಡು ಗಾಜಿನ ಸೀಸೆಗಳು. ಒಂದರಲ್ಲಿ ಪ್ಲುಟೋನಿಯಂ ಸಂಯುಕ್ತದ ಪುಡಿ, ಇನ್ನೊಂದರಲ್ಲಿ ಸುಮಾರು 200 ಗ್ರಾಂ ಲೋಹದ ತುಂಡು. ನಿಜವೋ ಸುಳ್ಳೋ ತಿಳಿಯಲು ಬೇರೆ ಉಪಕರಣವಿಲ್ಲದ ಹೆಕರ್, ಕೈಗವಸು ಹಾಕಿ ಸೀಸೆಯನ್ನು ಹಿಡಿದು ನೋಡುತ್ತೇನೆ ಎಂದರು. ಅದು ಸಾಕಷ್ಟು ಭಾರವಾಗಿತ್ತು, ತುಸು ಬೆಚ್ಚಗಿತ್ತು. ಕೆಲವು ದಿನಗಳ ನಂತರ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಅವರು ಇದನ್ನೆಲ್ಲ ವಿವರಿಸಿದರು. ಎಂಟು ವರ್ಷ ನೀರಿನಡಿ ಮುಟ್ಟದೆ ಉಳಿದಿದ್ದ ಸರಳುಗಳು ಹೀಗೆ ಬಾಂಬಿನ ಲೋಹವಾಗಿದ್ದವು. 2006ರ ಅಕ್ಟೋಬರ್ 9ರಂದು ಉತ್ತರ ಕೊರಿಯಾ ಮೊದಲ ಅಣ್ವಸ್ತ್ರ ಪರೀಕ್ಷೆ ನಡೆಸಿತು. 2017ರ ಹೊತ್ತಿಗೆ ಅವು ಆರಾದವು.

ಸಮರ್ಥಕರ ವಾದ

ಕಠಿಣ ಮಾತಿನ ಪರ ಇರುವವರಿಗೂ ಗಟ್ಟಿಯಾದ ಎರಡು ಉದಾಹರಣೆಗಳಿವೆ. ಮೊದಲನೆಯದು ಲಿಬಿಯಾ. 2002ರ ಮೇ ತಿಂಗಳಲ್ಲಿ ಬುಷ್ ಸರ್ಕಾರದ ಅಧಿಕಾರಿ ಜಾನ್ ಬೋಲ್ಟನ್ ಇನ್ನೊಂದು ಭಾಷಣದಲ್ಲಿ ಲಿಬಿಯಾ, ಸಿರಿಯಾ, ಕ್ಯೂಬಾಗಳನ್ನೂ ಅಪಾಯಕಾರಿ ದೇಶಗಳ ಸಾಲಿಗೆ ಸೇರಿಸಿದ್ದರು. 2003ರ ಡಿಸೆಂಬರ್ 19ರಂದು ಮುಅಮ್ಮರ್ ಗಡಾಫಿ ತನ್ನ ಸಾಮೂಹಿಕ ವಿನಾಶದ ಅಸ್ತ್ರ ಯೋಜನೆಗಳನ್ನು ಬಿಡುವುದಾಗಿ ಸಾರಿದ. ಇರಾಕಿನ ಗತಿ ನೋಡಿ ಅವನು ಹೆದರಿದ ಎಂಬುದು ಸಮರ್ಥಕರ ಮಾತು, ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಆ ಒಪ್ಪಂದ ಕುದುರಿದ್ದು ಬ್ರಿಟನ್ ಮತ್ತು ಅಮೆರಿಕದ ಗುಪ್ತಚರ ಅಧಿಕಾರಿಗಳು ತಿಂಗಳುಗಟ್ಟಲೆ ಸದ್ದಿಲ್ಲದೆ ನಡೆಸಿದ ಮಾತುಕತೆಯಿಂದ. ನಿರ್ಬಂಧಗಳಿಂದ ಬಿಡುಗಡೆ ಸಿಗುತ್ತದೆ ಎಂಬ ಸ್ಪಷ್ಟ ಲಾಭವೂ ಗಡಾಫಿಯ ಮುಂದಿತ್ತು. 2011ರಲ್ಲಿ ನ್ಯಾಟೊ ದಾಳಿಯ ನಡುವೆ ಅವನು ಬಂಡುಕೋರರ ಕೈಯಲ್ಲಿ ಸತ್ತ. ಪ್ಯೊಂಗ್‌ಯಾಂಗ್ ಅದನ್ನು ಮರೆಯಲಿಲ್ಲ. 2018ರಲ್ಲಿ ಆಗ ಭದ್ರತಾ ಸಲಹೆಗಾರರಾಗಿದ್ದ ಅದೇ ಬೋಲ್ಟನ್ ಟಿವಿಯಲ್ಲಿ ‘ಲಿಬಿಯಾ ಮಾದರಿ’ ಎಂದಾಗ ಉತ್ತರ ಕೊರಿಯಾ ಕೆರಳಿತು. ಅಧ್ಯಕ್ಷ ಟ್ರಂಪ್ ಮತ್ತು ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ಭೇಟಿಯಾಗಬೇಕಿದ್ದ ಸಿಂಗಪುರದ ಶೃಂಗಸಭೆ ಕೆಲವು ದಿನಗಳ ಮಟ್ಟಿಗೆ ರದ್ದಾಗಿಯೂ ಹೋಗಿತ್ತು.

ಎರಡನೆಯ ಉದಾಹರಣೆ ಇದಕ್ಕಿಂತ ಬಲವಾದದ್ದು. 1983ರ ಮಾರ್ಚ್ 8ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಫ್ಲಾರಿಡಾದ ಒರ್ಲಾಂಡೊದಲ್ಲಿ ಕ್ರೈಸ್ತ ಧಾರ್ಮಿಕ ಮುಖಂಡರ ಸಭೆಯಲ್ಲಿ ಸೋವಿಯತ್ ಒಕ್ಕೂಟವನ್ನು ‘ದುಷ್ಟ ಸಾಮ್ರಾಜ್ಯ’ ಎಂದರು. ನಾಲ್ಕೂಮುಕ್ಕಾಲು ವರ್ಷಗಳ ನಂತರ ಅದೇ ರೇಗನ್ ಮಿಖಾಯಿಲ್ ಗೊರ್ಬಚೇವ್ ಜೊತೆ ಕುಳಿತು ಮಧ್ಯಮ ವ್ಯಾಪ್ತಿಯ ಅಣ್ವಸ್ತ್ರ ಕ್ಷಿಪಣಿಗಳನ್ನು ನಾಶಪಡಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಹಾಗಾದರೆ ದುಷ್ಟ ಎಂದರೂ ಮಾತುಕತೆ ಸಾಧ್ಯವಲ್ಲವೇ? ಸಾಧ್ಯ, ಆದರೆ ನಡುವೆ ಏನಾಯಿತು ಎಂಬುದನ್ನು ನೋಡಬೇಕು. 1983ರ ನವೆಂಬರಿನಲ್ಲಿ ಸೋವಿಯತ್ ನಿಯೋಗ ಜಿನೀವಾದ ಕ್ಷಿಪಣಿ ಮಾತುಕತೆಯಿಂದ ಎದ್ದು ಹೋಯಿತು, ಅದೇ ತಿಂಗಳ ನ್ಯಾಟೊ ಸಮರಾಭ್ಯಾಸ ಮಾಸ್ಕೋದಲ್ಲಿ ಆತಂಕ ಹುಟ್ಟಿಸಿತ್ತು. ರೇಗನ್ ತಮ್ಮ ಮಾತಿನ ಧಾಟಿಯನ್ನೇ ಬದಲಿಸಿದರು. 1984ರ ಜನವರಿ 16ರ ಭಾಷಣದಲ್ಲಿ ಅವರು ಇವಾನ್ ಮತ್ತು ಆನ್ಯಾ ಎಂಬ ರಷ್ಯನ್ ದಂಪತಿ, ಜಿಮ್ ಮತ್ತು ಸ್ಯಾಲಿ ಎಂಬ ಅಮೆರಿಕನ್ ದಂಪತಿ ಮಳೆಯಿಂದ ತಪ್ಪಿಸಿಕೊಳ್ಳಲು ಒಂದೇ ಕೋಣೆಯಲ್ಲಿ ನಿಂತರೆ ಏನು ಮಾತನಾಡಿಯಾರು ಎಂದು ಕಲ್ಪಿಸಿದರು: ಸರ್ಕಾರಗಳ ಬಗ್ಗೆ ವಾದಿಸುತ್ತಾರೆಯೇ, ಮಕ್ಕಳ ಬಗ್ಗೆ, ಕೆಲಸದ ಬಗ್ಗೆ ಮಾತನಾಡುತ್ತಾರೆಯೇ ಎಂದು. 1988ರ ಮೇ ತಿಂಗಳಲ್ಲಿ ಮಾಸ್ಕೋದಲ್ಲಿ ಪತ್ರಕರ್ತರೊಬ್ಬರು ‘ದುಷ್ಟ ಸಾಮ್ರಾಜ್ಯ’ದ ಬಗ್ಗೆ ಕೇಳಿದಾಗ, ಅದು ಬೇರೆ ಕಾಲದ, ಬೇರೆ ಯುಗದ ಮಾತು ಎಂದು ಅದನ್ನು ತಾವೇ ಹಿಂತೆಗೆದುಕೊಂಡರು.

ಇನ್ನೂ ಒಂದು ವ್ಯತ್ಯಾಸವಿದೆ, ನನ್ನ ದೃಷ್ಟಿಯಲ್ಲಿ ಅದೇ ನಿರ್ಣಾಯಕ. ಸೋವಿಯತ್ ಒಕ್ಕೂಟದ ಬಳಿ ಸಾವಿರಾರು ಅಣ್ವಸ್ತ್ರಗಳಿದ್ದವು, ತನ್ನ ಮೇಲೆ ಯಾರೂ ದಂಡೆತ್ತಿ ಬರಲಾರರು ಎಂಬುದು ಅದಕ್ಕೆ ಗೊತ್ತಿತ್ತು. ಬುಷ್ ಹೆಸರಿಸಿದ ಮೂರರಲ್ಲಿ ಒಂದು ದೇಶದ ಮೇಲೆ ಹದಿನಾಲ್ಕು ತಿಂಗಳೊಳಗೆ ದಂಡೆತ್ತಿ ಹೋದರು, ಅದರ ರಾಜಧಾನಿ ಮೂರೇ ವಾರಗಳಲ್ಲಿ ಬಿತ್ತು. ಯಾವ ಅಸ್ತ್ರಗಳಿಗಾಗಿ ಯುದ್ಧ ಹೂಡಿದರೋ ಅವು ಅಲ್ಲಿರಲಿಲ್ಲ ಎಂದು ಅಮೆರಿಕವೇ ನೇಮಿಸಿದ ತಪಾಸಣಾ ತಂಡ 2004ರಲ್ಲಿ ವರದಿ ಮಾಡಿತು. ಉಳಿದ ಇಬ್ಬರು ಓದಿಕೊಂಡ ಪಾಠ ಸರಳವಾಗಿತ್ತು, ಉತ್ತರ ಕೊರಿಯಾ 2003ರ ಏಪ್ರಿಲಿನಲ್ಲೇ ಅದನ್ನು ಬಾಯಿಬಿಟ್ಟು ಹೇಳಿತು: ಯುದ್ಧ ತಪ್ಪಿಸಬೇಕಾದರೆ ಬಲವಾದ ಅಸ್ತ್ರ ಕೈಯಲ್ಲಿರಬೇಕು.

ಹರಡಿದ ಪರಿಣಾಮ

ಮಿತ್ರರಾಷ್ಟ್ರಗಳೂ ಭಾಷಣದಿಂದ ದೂರ ಸರಿದವು. ಫ್ರಾನ್ಸಿನ ವಿದೇಶಾಂಗ ಸಚಿವ ಯೂಬೆರ್ ವೆದ್ರಿನ್ ಇದನ್ನು ಅತಿಸರಳೀಕರಣ ಎಂದರು, ಜರ್ಮನಿಯ ಯೋಷ್ಕಾ ಫಿಷರ್ ಮಿತ್ರರೆಂದರೆ ಉಪಗ್ರಹಗಳಲ್ಲ ಎಂದು ನೆನಪಿಸಿದರು. ವರ್ಷದ ನಂತರ ಇರಾಕ್ ಪ್ರಶ್ನೆ ಭದ್ರತಾ ಮಂಡಳಿಗೆ ಬಂದಾಗ ಈ ಎರಡು ದೇಶಗಳೇ ಎದುರು ನಿಂತವು.

ಭಾರತಕ್ಕೂ ಇದರ ಬಿಸಿ ತಟ್ಟಿತು. 2003ರ ಗಣರಾಜ್ಯೋತ್ಸವಕ್ಕೆ ಭಾರತ ಮುಖ್ಯ ಅತಿಥಿಯಾಗಿ ಕರೆದದ್ದು ಅದೇ ಖಾತಮಿ ಅವರನ್ನು. ‘ದುಷ್ಟಕೂಟ’ದ ಪಟ್ಟಿಯನ್ನು ದೆಹಲಿ ತನ್ನದಾಗಿಸಿಕೊಂಡಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಇರಾನಿನ ಅಣ್ವಸ್ತ್ರ ವಿವಾದ ಬೆಳೆದು ನಿರ್ಬಂಧಗಳು ಬಿಗಿಯಾದಂತೆ ನಮ್ಮ ಕರಾವಳಿಯೂ ಅದರಿಂದ ಹೊರಗುಳಿಯಲಿಲ್ಲ. ಮಂಗಳೂರಿನ ತೈಲ ಶುದ್ಧೀಕರಣಾಗಾರ, ಜನ ಎಂಆರ್‌ಪಿಎಲ್ ಎಂದೇ ಕರೆಯುವ ಸ್ಥಾವರ, ಇರಾನಿನ ಕಚ್ಚಾ ತೈಲದ ದೊಡ್ಡ ಗಿರಾಕಿಯಾಗಿತ್ತು. 2012ರಲ್ಲಿ ಐರೋಪ್ಯ ಒಕ್ಕೂಟ ಇರಾನಿನ ತೈಲ ಸಾಗಿಸುವ ಹಡಗುಗಳಿಗೆ ವಿಮೆ ನಿಲ್ಲಿಸಿದಾಗ ಹಡಗು ಹೊಂದಿಸುವುದೇ ತಲೆನೋವಾಯಿತು, ಡಾಲರಿನಲ್ಲಿ ಹಣ ಕಳಿಸುವ ದಾರಿ ಮುಚ್ಚಿ ರೂಪಾಯಿಯಲ್ಲಿ ಪಾವತಿಸುವ ಏರ್ಪಾಡು ಮಾಡಬೇಕಾಯಿತು. 2019ರ ಮೇ ತಿಂಗಳಲ್ಲಿ ಅಮೆರಿಕ ಕೊಟ್ಟಿದ್ದ ವಿನಾಯಿತಿ ಮುಗಿದ ಮೇಲೆ ಭಾರತ ಇರಾನಿನಿಂದ ತೈಲ ಕೊಳ್ಳುವುದನ್ನು ನಿಲ್ಲಿಸಿತು. ಇದೆಲ್ಲವನ್ನೂ 2002ರ ಒಂದು ಭಾಷಣದ ತಲೆಗೆ ಕಟ್ಟುವುದು ನ್ಯಾಯವಲ್ಲ, ಇರಾನಿನ ಸ್ವಂತ ನಿರ್ಧಾರಗಳ ಪಾಲು ಅದರಲ್ಲಿ ದೊಡ್ಡದು. ಆದರೆ ಆ ನಿರ್ಧಾರಗಳನ್ನು ಬೇರೆ ದಿಕ್ಕಿಗೆ ತಿರುಗಿಸಬಹುದಾಗಿದ್ದ ಒಂದು ಕಾಲಾವಕಾಶವನ್ನು ಆ ಭಾಷಣ ಮೊಟಕುಗೊಳಿಸಿತು ಎಂಬುದು ನನ್ನ ಖಚಿತ ಅಭಿಪ್ರಾಯ.

2003ರ ಫೆಬ್ರವರಿಯಲ್ಲಿ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥರು ನತಾಂಜ್‌ಗೆ ಹೋದಾಗ ಅಲ್ಲಿ ಜೋಡಿಸಿದ್ದ ಸೆಂಟ್ರಿಫ್ಯೂಜ್‌ಗಳು ಸುಮಾರು 160. ಖಾತಮಿ ಸರ್ಕಾರ ಆ ವರ್ಷದ ಕೊನೆಗೆ ಐರೋಪ್ಯ ದೇಶಗಳ ಮಾತಿಗೆ ಒಪ್ಪಿ ಸಂವರ್ಧನೆಯನ್ನು ತಾನಾಗಿ ನಿಲ್ಲಿಸಿತು, ಅಮೆರಿಕ ಆ ಮೇಜಿನಿಂದ ದೂರವೇ ಉಳಿಯಿತು. 2005ರಲ್ಲಿ ಮಹಮೂದ್ ಅಹ್ಮದಿನೆಜಾದ್ ಗೆದ್ದ ಮೇಲೆ ಕೆಲಸ ಮತ್ತೆ ಶುರುವಾಯಿತು. ಕೊನೆಗೆ 2015ರ ಜುಲೈ 14ರಂದು ವಿಯೆನ್ನಾದಲ್ಲಿ ಇರಾನಿನ ಅಣು ಯೋಜನೆಗೆ ಮಿತಿ ಹಾಕುವ ಒಪ್ಪಂದವಾದಾಗ ಇರಾನಿನ ಪರವಾಗಿ ಮೇಜಿನಾಚೆ ಕುಳಿತಿದ್ದವರು, ಹದಿಮೂರು ವರ್ಷಗಳ ಹಿಂದೆ ಪೀಟರ್ಸ್‌ಬೆರ್ಗ್‌ನ ಕೋಣೆಯ ಮೂಲೆಯಲ್ಲಿ ಕಾನೂನಿಯ ಕಿವಿಯಲ್ಲಿ ಮಾತನಾಡಿದ ಅದೇ ಜವಾದ್ ಜರೀಫ್, ಈಗ ವಿದೇಶಾಂಗ ಸಚಿವರಾಗಿ. ಅಷ್ಟು ಹೊತ್ತಿಗೆ ಇರಾನಿನಲ್ಲಿ ಜೋಡಿಸಿದ್ದ ಸೆಂಟ್ರಿಫ್ಯೂಜ್‌ಗಳ ಸಂಖ್ಯೆ ಸುಮಾರು 19,000 ಆಗಿತ್ತು.